ನಮ್ಮ ರಸ್ತೆಗೊಬ್ಬಳು ಮಿಸ್

ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುವವರು ನಗುವುದಕ್ಕೆ ಎಲ್ಲಿಗೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಸಾಕು, ನಗು ತಾನೇ ಒಳಗೆ ಬಂದು ಕೂತು, ಹುಬ್ಬು ಮಾಡಿ ಅನ್ನುತ್ತದೆ.

ಪೊರಕೆ

ಹೊಸ ತಿಪ್ಪಸಂದ್ರದ ನಮ್ಮ ಪಾರ್ಲರಿನಲ್ಲಿ ಎರಡು ಕುರ್ಚಿ. ಒಂದರಲ್ಲಿ ಮೇಡಂ ಕೆಲಸ ಮಾಡುತ್ತಿದ್ದರು. ಇನ್ನೊಂದು ಖಾಲಿ. ನಾನು ಕೂದಲು ಗುಡಿಸುತ್ತಿದ್ದೆ. ನನ್ನ ಅತ್ತೆಗೆ ಇದು ಅವಮಾನ. ಪೊರಕೆ ಅವರ ಮನೆಯಲ್ಲಿ ಹಿಡಿದರೆ ಸಂಸ್ಕಾರ, ಹೊರಗೆ ಹಿಡಿದರೆ ಮರ್ಯಾದೆ ಪ್ರಶ್ನೆ. "ದೀಪಾವಳಿ ಹೊತ್ತಿಗೂ ಗುಡಿಸ್ತಾನೇ ಇದ್ರೆ ಮಗು ನೋಡ್ಕೊಂಡು ಮನೇಲಿರು" ಅಂದುಬಿಟ್ಟರು.

ಆಗ ನಮ್ಮ ದೇಶದ ಹುಡುಗಿಯರು ಹೊರದೇಶದಲ್ಲಿ ಕಿರೀಟ ಗೆದ್ದು ಬರುತ್ತಿದ್ದ ಕಾಲ. ಬೀದಿಗೊಂದು ಸೌಂದರ್ಯ ಸ್ಪರ್ಧೆ. ಮೇಡಂ ಕೂಡ ಒಂದು ಇಟ್ಟರು. "ಯಾರನ್ನಾದ್ರೂ ತಯಾರು ಮಾಡು. ನಿನ್ನ ಹುಡುಗಿ ಗೆದ್ರೆ ಎರಡನೇ ಕುರ್ಚಿ ನಿಂದು. ಜಡ್ಜು ಈ ಸ್ಪರ್ಧೆಗಳ ಇತಿಹಾಸ ಕೇಳ್ತಾರಂತೆ, ಅದನ್ನೂ ಕಲಿಸು" ಅಂದರು.

ಹತ್ತನೇ ಕ್ಲಾಸಿನಲ್ಲಿ ಇತಿಹಾಸ ನನ್ನನ್ನು ಪಾಸು ಮಾಡಿದ್ದು ಕರುಣೆಯಿಂದ. ಆದರೂ "ಆಯ್ತು ಮೇಡಂ" ಅಂದೆ.

ಟೇಪು

ಪುಣ್ಯಕ್ಕೆ ಕಂಟೋನ್ಮೆಂಟಿನ ಕಡೆಯಿಂದ ಒಬ್ಬ ಅಜ್ಜಿ ನಮ್ಮಲ್ಲಿಗೆ ಕೂದಲಿಗೆ ಬಣ್ಣ ಹಾಕಿಸಲು ಬರುತ್ತಿದ್ದರು. ಸ್ವಾತಂತ್ರ್ಯ ಬಂದ ಹೊಸದರಲ್ಲಿ, ಇಡೀ ದೇಶಕ್ಕೊಬ್ಬ ಸುಂದರಿಯನ್ನು ಆರಿಸುವ ಸ್ಪರ್ಧೆ ಆಗಷ್ಟೇ ಶುರುವಾದಾಗ, ಇಲ್ಲಿನ ಆಯ್ಕೆಗೆ ಇವರೂ ಹೋಗಿದ್ದರಂತೆ.

"ಅವಾಗ ಈ ಫೇಶಿಯಲ್ಲು ಗೀಶಿಯಲ್ಲು ಎಲ್ಲಿತ್ತು ಚೈಲ್ಡ್? ಮುಖಕ್ಕೆ ಪೌಡರ್, ಕಾಲಿಗೆ ಅಕ್ಕನ ಚಪ್ಪಲಿ, ಅಷ್ಟೇ. ಆದ್ರೆ ಅಳತೆ ಮಾತ್ರ ಕರೆಕ್ಟಾಗಿ ಬೇಕು."

"ಯಾರು ಅಳೀತಿದ್ರು ಆಂಟಿ?"

"ಜಡ್ಜುಗಳಿಗೆ ನಾಚಿಕೆ. ಶಿವಾಜಿನಗರದಿಂದ ವಯಸ್ಸಾದ ಟೈಲರ್ ಒಬ್ಬರನ್ನ ಕರೆಸಿದ್ರು."

ಆ ಟೈಲರ್ ಕತ್ತೂ ಎತ್ತದೆ ಎಂಟು ಹುಡುಗಿಯರ ಅಳತೆ ತೆಗೆದು ಪುಸ್ತಕದಲ್ಲಿ ಬರೆದುಕೊಂಡರಂತೆ. ಆಮೇಲೆ ಪೆನ್ಸಿಲ್ ಕಿವಿಗೆ ಸಿಕ್ಕಿಸಿ ಜಡ್ಜನ್ನು ಕೇಳಿದರಂತೆ: "ಎಂಟೂ ರಂಜಾನ್ ಒಳಗೆ ಆಗಲ್ಲ ಸಾಬ್. ಯಾವುದು ಅರ್ಜೆಂಟು?"

ಈಜುಡುಗೆ

ಈಜುಡುಗೆಯ ಸುತ್ತೂ ಇತ್ತಂತೆ. ಒಬ್ಬ ಹುಡುಗಿಯ ತಾಯಿ ಮಾತ್ರ ಒಪ್ಪಲಿಲ್ಲ. ಮಗಳನ್ನು ಸ್ಪರ್ಧೆಯಿಂದ ಬಿಡಿಸಲೂ ಮನಸ್ಸಿಲ್ಲ. ಸುತ್ತು ಶುರುವಾದಾಗ ಮಗಳು ಒಂಬತ್ತು ಗಜದ ಸೀರೆಯಲ್ಲಿ ಮುಂದೆ ನಡೆದಳು, ತಾಯಿ ಈಜುಡುಗೆಯನ್ನು ಹ್ಯಾಂಗರಿಗೆ ಹಾಕಿ ಎತ್ತಿ ಹಿಡಿದು ಹಿಂದೆ ನಡೆದರು. "ಇದು ಇವಳದ್ದೇ. ಚೆನ್ನಾಗಿದೆ ತಾನೆ? ಮಾರ್ಕ್ಸ್ ಹಾಕಿ" ಅಂದರು.

"ಹಾಕಿದ್ರಾ ಆಂಟಿ?"

"ಹಾಕ್ದೆ ಏನು. ನನಗಿಂತ ಜಾಸ್ತಿ."

ನಡಿಗೆ

ನಾನು ಹಿಡಿದ ಹುಡುಗಿ ನಮ್ಮ ರಸ್ತೆಯ ಸೀರೆ ಅಂಗಡಿಯಲ್ಲಿ ಸೇಲ್ಸ್ ಕೆಲಸದವಳು. ಲಕ್ಷಣವಾದ ಮುಖ. ಅಜ್ಜಿ ಹೇಳಿದ್ದನ್ನೆಲ್ಲ ಅವಳಿಗೆ ಬಾಯಿಪಾಠ ಮಾಡಿಸಿದೆ. ನಡಿಗೆಯ ಅಭ್ಯಾಸ ನಮ್ಮ ಮನೆಯ ತಾರಸಿಯ ಮೇಲೆ, ಒಣಗಲು ಹಾಕಿದ ಬಟ್ಟೆಗಳ ನಡುವೆ. ನೆಟ್ಟಗೆ ಬರುತ್ತಿದ್ದಳು, ತಿರುಗುತ್ತಿದ್ದಳು, ಎಲ್ಲ ಸರಿ. ಕೊನೆಯಲ್ಲಿ ನಿಂತು ನಗು ಅಂದರೆ ಮಾತ್ರ ಕೈ ತಾನಾಗಿ ಸೆರಗು ಹರಡುತ್ತಿತ್ತು. ಬಾಯಿಯೂ ಸುಮ್ಮನಿರುತ್ತಿರಲಿಲ್ಲ: "ಇದರಲ್ಲೇ ಇನ್ನೂ ಮೂರು ಕಲರ್ ಇದೆ ಮೇಡಂ, ತೆಗೀಲಾ?"

ಪ್ರಶ್ನೆ

ಮೇಡಂ ಮಾರ್ಕೆಟ್ ರಸ್ತೆಗೆ ಬ್ಯಾನರ್ ಕಟ್ಟಿಸಿದರು: "ನಮ್ಮ ರಸ್ತೆಯ ಮಿಸ್ ಯಾರು? ಬನ್ನಿ, ಆರಿಸೋಣ." ನಮ್ಮ ಕಡೆ ಮಿಸ್ ಅಂದರೆ ಇಸ್ಕೂಲಿನ ಟೀಚರ್. ಇದು ಮೇಡಂಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಸ್ಪರ್ಧೆಯ ದಿನ ಛತ್ರ ತುಂಬಿತ್ತು. ಪ್ರಶ್ನೆ ಸುತ್ತು ಶುರುವಾಗುವ ಮೊದಲೇ ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಮಗಳ ಕೈ ಹಿಡಿದು ಎದ್ದು ನಿಂತಳು. ರಾಯಚೂರು ಕಡೆಯವಳು, ಮಾರ್ಕೆಟ್ ಹಿಂದಿನ ಬಾಡಿಗೆ ರೂಮಿನವಳು. "ನಾ ಒಂದು ಕೇಳ್ಲೇನ್ರೀ?" ಅಂದಳು. ಇವಳನ್ನು ಮೇಡಂ ಕೂರಿಸಿದ್ದಾರೆ ಅಂತ ಜಡ್ಜು, ಜಡ್ಜು ಕೂರಿಸಿದ್ದಾರೆ ಅಂತ ಮೇಡಂ ಅಂದುಕೊಂಡರು. ಇಬ್ಬರೂ ತಲೆ ಆಡಿಸಿದರು.

"ಹದಿಮೂರರ ಮಗ್ಗಿ ಹೇಳ್ರಿ."

ಮೊದಲ ಹುಡುಗಿ ಇಂದಿರಾನಗರದವಳು. ಎದೆಯ ಮೇಲೆ ಕೈ ಇಟ್ಟು, "ಐ ಲವ್ ಚಿಲ್ಡ್ರನ್" ಅಂದಳು.

"ಪ್ರೀತಿ ಇರ್ಲಿ ಬಿಡ್ರಿ. ಮಗ್ಗಿ?"

ಆಕೆ ಕೆಳಗಿಳಿದಳು. ಎರಡನೆಯವಳು ಹದಿಮೂರೆರಡ್ಲಿ ಇಪ್ಪತ್ತಾರಕ್ಕೆ ನಿಂತಳು. ಮೂರನೆಯವಳು ಅತ್ತಳು. ನನ್ನ ಹುಡುಗಿಯೋ ಇಡೀ ದಿನ ಮೀಟರ್ ಲೆಕ್ಕ ಬಾಯಲ್ಲೇ ಹಾಕುವವಳು. ನಾನು ಕಲಿಸಿದ ಇತಿಹಾಸವನ್ನೆಲ್ಲ ಅಲ್ಲೇ ಬಿಟ್ಟು ಹದಿಮೂರ್ಹತ್ಲಿ ನೂರಾಮೂವತ್ತರ ತನಕ ಒಂದೇ ಉಸಿರಿಗೆ ಹೇಳಿದಳು. ಛತ್ರವೆಲ್ಲ ಚಪ್ಪಾಳೆ. ಜಡ್ಜಿಗೆ ಬೇರೆ ದಾರಿ ಇರಲಿಲ್ಲ, ಕಿರೀಟ ಅವಳಿಗೇ ಇಟ್ಟರು.

"ಇತಿಹಾಸ ಕಲಿಸು ಅಂದ್ರೆ ಮಗ್ಗಿ ಕಲಿಸಿದ್ದೀಯಲ್ಲೇ" ಅಂದರು ಮೇಡಂ.

"ಎಲ್ಲಾ ಕಲಿಸಿದ್ದೀನಿ ಮೇಡಂ" ಅಂದೆ. ಕುರ್ಚಿ ಸಿಕ್ಕಿತು. ದೀಪಾವಳಿಗೆ ಇನ್ನೂ ಹನ್ನೊಂದು ದಿನ ಇತ್ತು.

ಮರುದಿನ ಬೆಳಿಗ್ಗೆ ಕನ್ನಡಿ ಒರೆಸಿ, ಹೊಸ ಟವೆಲ್ ಹಾಸಿ ನಿಂತೆ. ನನ್ನ ಮೊದಲ ಗಿರಾಕಿ ಅದೇ ರಾಯಚೂರಿನ ಹೆಂಗಸು. ಒಳಗೆ ಬಂದವಳೇ ಮಗಳನ್ನು ಎತ್ತಿ ನನ್ನ ಕುರ್ಚಿಯಲ್ಲಿ ಕೂರಿಸಿದಳು. ಹುಡುಗಿಯ ತಲೆಗೆ ಎಣ್ಣೆ, ಎರಡು ಜಡೆ, ಕೈಯಲ್ಲಿ ಸ್ಲೇಟು. ನಾನು ಬಟ್ಟೆ ಹೊದಿಸಿ, ಕತ್ತರಿ ಕೈಗೆತ್ತಿಕೊಂಡು, "ಏನ್ ಮಾಡ್ಲಿ ಅಕ್ಕಾ?" ಅಂತ ಕೇಳಿದೆ.

"ಒಂದನೇ ಕ್ಲಾಸಿಗೆ ಹಾಕ್ಕೋರಿ" ಅಂದಳು.