ಅಟ್ಟದ ಮೇಲಿನ ಬಜೆಟ್ಟು

ಕೆಲವರು ಪ್ರಯಾಣ ಹೊರಟಾಗಲೆಲ್ಲ ಬಸ್ಸು ಕೆಡುತ್ತದಂತೆ. ನನ್ನ ಕಥೆ ಬೇರೆ. ಮನೆಗೆ ಸಂಬಂಧಪಟ್ಟ ಯಾವ ಕೆಲಸಕ್ಕೆ ಕೈ ಹಾಕಿದರೂ ನನ್ನ ಬುದ್ಧಿ ಮೊದಲೇ ರಜಾ ಅರ್ಜಿ ಬರೆದಿಟ್ಟು ಹೊರಟುಬಿಡುತ್ತದೆ. ಹಿಂದೊಮ್ಮೆ ನಾನೇ ಮುಂದೆ ನಿಂತು ಕೊಟ್ಟಿಗೆಗೆ ಬಾಗಿಲು ಮಾಡಿಸಿದ್ದೆ. ಅದು ಒಳಕ್ಕೂ ತೆರೆಯುತ್ತಿರಲಿಲ್ಲ, ಹೊರಕ್ಕೂ ತೆರೆಯುತ್ತಿರಲಿಲ್ಲ. ಆದರೆ ಅಡುಗೆಮನೆ ಕಟ್ಟಿಸಿದೆನಲ್ಲ, ಅದರ ಮುಂದೆ ಆ ಬಾಗಿಲು ಏನೂ ಅಲ್ಲ.

ಸಿಮೆಂಟಿಗೆ ಪರ್ಮಿಟ್ಟು ಬೇಕಾಗಿದ್ದ ಕಾಲ ಅದು. ನಮ್ಮ ಮನೆ ದಬ್ಬೇಘಟ್ಟದ ಪಕ್ಕದ ಹಳ್ಳಿಯಲ್ಲಿ. ನನ್ನ ಕೆಲಸ ತಿಪಟೂರಿನ ಕಚೇರಿಯೊಂದರಲ್ಲಿ, ರಸ್ತೆ ಮೋರಿಗಳ ಎಸ್ಟಿಮೇಟು ನಕಲು ಮಾಡುವ ಗುಮಾಸ್ತನದು. ಮನೆಯಲ್ಲಿ ನಾನು, ಹೆಂಡತಿ, ಅಮ್ಮ ಮತ್ತು ಒಂದು ಎಮ್ಮೆ. ಹೆಂಡತಿ ಮದುವೆಯಾಗಿ ಬಂದಾಗಿನಿಂದ ನೆಲದೊಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಊದುಗೊಳವೆ ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡೇ ಅಡುಗೆ ಮಾಡಿದವಳು. ಒಡವೆ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ. ಒಂದು ದಿನ ಮೊಣಕಾಲು ಹಿಡಿದುಕೊಂಡು ಎದ್ದು ಬಂದು, "ನಿಂತ್ಕೊಂಡು ಅಡುಗೆ ಮಾಡೋ ಹಂಗೆ ಒಂದು ಅಡುಗೆಮನೆ ಮಾಡಿಸ್ಕೊಡಿ. ನನಗೆ ಇನ್ನೇನೂ ಬ್ಯಾಡ" ಅಂದಳು.

"ಅಷ್ಟೇ ತಾನೆ? ಇಡೀ ತಾಲ್ಲೂಕಿಗೆ ಎಸ್ಟಿಮೇಟು ಬರೆಯೋನು ನಾನು" ಅಂದೆ. ಎದೆ ಸ್ವಲ್ಪ ಉಬ್ಬಿಸಿಯೇ ಅಂದೆ.

ಲಾರಿಗೆ ದಾರಿ

ಮುಂದಿನ ಭಾನುವಾರ ಎಸ್ಟಿಮೇಟು ಸಿದ್ಧ. ಅಮ್ಮನನ್ನೂ ಹೆಂಡತಿಯನ್ನೂ ಪಡಸಾಲೆಯಲ್ಲಿ ಕೂರಿಸಿ, ಗಂಟಲು ಸರಿ ಮಾಡಿಕೊಂಡು ಓದತೊಡಗಿದೆ. ಪಾಯ ಅಗೆಯುವುದು, ಸೈಜುಗಲ್ಲು, ಮರಳು, ಗಾರೆ. ಇಬ್ಬರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನನ್ನ ದನಿ ಇನ್ನೂ ಏರಿತು. "ಎರಡೂ ಬದಿಗೆ ತಡೆಗೋಡೆ. ಭಾರಿ ವಾಹನಗಳ ತೂಕ ತಾಳುವಂತೆ ಮೇಲೆ ಕಾಂಕ್ರೀಟು."

"ಏನ್ಲಾ ಅದು, ಭಾರಿ ವಾಹನ?" ಅಂದರು ಅಮ್ಮ.

ಆಗ ಗೊತ್ತಾಯಿತು ನನಗೆ. ಲೆಕ್ಕಕ್ಕೆ ಒಂದು ಮಾದರಿ ಇರಲಿ ಅಂತ ಕಚೇರಿಯಿಂದ ಒಂದು ಮೋರಿಯ ಎಸ್ಟಿಮೇಟು ತಂದಿದ್ದೆ. ಕೈಗೆ ನಕಲು ಮಾಡುವ ಅಭ್ಯಾಸ ನೋಡಿ, ಅದು ತನ್ನ ಪಾಡಿಗೆ ತಾನು ಪೂರ್ತಿ ಇಳಿಸಿಬಿಟ್ಟಿತ್ತು. ಬಿಟ್ಟುಕೊಡಬಾರದಲ್ಲ ಅಂತ, "ಗಟ್ಟಿಯಾಗಿರಲಿ ಅಂತ ಬರೆದಿದೀನಿ" ಅಂದೆ.

ಹೆಂಡತಿ ಹಾಳೆ ಇಸಿದುಕೊಂಡು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಅಲ್ರೀ, ಲಾರಿ ಹೋಗೋಕೆ ದಾರಿ ಬಿಟ್ಟಿದ್ದೀರ. ಹೊಗೆ ಹೋಗೋಕೆ ಎಲ್ಲಿ ಬಿಟ್ಟಿದ್ದೀರ?"

ಅಲ್ಲಾಡಿಲ್ಲ

ಮೇಸ್ತ್ರಿ ಬಂದ. ಒಳ್ಳೆಯ ಮನುಷ್ಯ, ಏನು ಹೇಳಿದರೂ "ಆಯ್ತು ಬುಡಿ ಸಾ" ಅನ್ನುವವನು. ಹಳೇ ಅಡುಗೆಮನೆ ಒಡೆಯಲು ಹಾರೆ ಎತ್ತಿದವನು ಮೇಲೆ ನೋಡಿದ. ಅಟ್ಟದ ತುಂಬ ತೆಂಗಿನಕಾಯಿ.

ನಮ್ಮ ಕಡೆ ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಕೆಳಗಿನ ಒಲೆಯ ಕಾವಿಗೆ ಒಳಗಿನ ನೀರು ಇಂಗಿ, ಕಾಯಿ ಉಂಡೆ ಕೊಬ್ಬರಿಯಾಗುತ್ತದೆ. ಅದನ್ನು ತಿಪಟೂರಿಗೆ ಹಾಕಿದರೆ ದುಡ್ಡು. ಅಡುಗೆಮನೆಗೆ ಅಂತ ನಾನು ಇಟ್ಟುಕೊಂಡಿದ್ದ ಬಜೆಟ್ಟು ಪೂರ್ತಿ ಅಲ್ಲೇ ಇತ್ತು, ಒಡೆಯಬೇಕಾದ ಅಡುಗೆಮನೆಯ ನೆತ್ತಿಯ ಮೇಲೆ. ಒಡೆಯಬೇಕಾದರೆ ಕಾಯಿ ಇಳಿಯಬೇಕು. ಇಳಿಯಬೇಕಾದರೆ ಕೊಬ್ಬರಿಯಾಗಬೇಕು. ಕೊಬ್ಬರಿಯಾಗಬೇಕಾದರೆ ನನ್ನ ಹೆಂಡತಿ ಅದೇ ಒಲೆಯ ಮುಂದೆ ಕೂತು ಇನ್ನೂ ಊದಬೇಕು. ಎಸ್ಟಿಮೇಟಿನಲ್ಲಿ ಈ ಐಟಮ್ಮು ಇರಲೇ ಇಲ್ಲ.

"ಅವಸರ ಮಾಡಿದ್ರೆ ಆಗಾಕಿಲ್ಲ ಕಣಪ್ಪ" ಅಂದರು ಅಮ್ಮ. "ಕಾಯಿನ ಕಿವಿ ಹತ್ರ ಹಿಡ್ದು ಅಲ್ಲಾಡ್ಸು. ಗುಳಗುಳ ಅಂದ್ರೆ ನೀರು. ಗಡಗಡ ಅಂದ್ರೆ ಒಳಗೆ ಕೊಬ್ಬರಿ ಅಲ್ಲಾಡ್ತೈತೆ ಅಂತ."

ಅಂದಿನಿಂದ ಕಚೇರಿಗೆ ಹೊರಡುವ ಮೊದಲು ಏಣಿ ಹಾಕಿಕೊಂಡು ಅಟ್ಟ ಹತ್ತುವುದು, ಒಂದೊಂದೇ ಕಾಯಿ ಕಿವಿಗೆ ಹಿಡಿದು ಅಲ್ಲಾಡಿಸುವುದು ನನ್ನ ನಿತ್ಯಕರ್ಮವಾಯಿತು. ತಲೆ ತುಂಬ ಮಸಿ, ಜೇಡರ ಬಲೆ. ಬಸ್ಸಿನಲ್ಲಿ ಕೂತರೂ ಅದೇ ಯೋಚನೆ, ಮೇಜಿನ ಮುಂದೆ ಕೂತರೂ ಅದೇ ಯೋಚನೆ.

ಒಂದು ದಿನ ಸಾಹೇಬರು ಕರೆದು ಒಂದು ಫೈಲಿನ ವಿಷಯ ತೆಗೆದರು. "ಏನ್ರೀ, ಅದು ಎಲ್ಲಿಗ್ ಬಂತು?"

ನಾನು ಧ್ಯಾನದಲ್ಲಿದ್ದವನು, "ಇನ್ನೂ ಅಲ್ಲಾಡಿಲ್ಲ ಸಾರ್" ಅಂದುಬಿಟ್ಟೆ.

ಸಾಹೇಬರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅದು ನನಗೂ ಗೊತ್ತು ಕಣ್ರೀ. ನಿಮ್ಮ ಮೇಜಿಂದ ಯಾವ ಫೈಲು ಅಲ್ಲಾಡಿದೆ ಹೇಳಿ."

ಕೊಟ್ಟಿಗೆಯ ಸಾರು

ಕೊನೆಗೂ ಕಾಯಿ ಗಡಗಡ ಅಂದವು. ಕೊಬ್ಬರಿ ಮಾರಿದ್ದಾಯಿತು. ಹಳೇ ಅಡುಗೆಮನೆ ಒಡೆದದ್ದೂ ಆಯಿತು. ಆಮೇಲೆ ಹೆಂಡತಿ ಕೇಳಿದಳು. "ಹೊಸದು ಆಗೋ ತನಕ ಅಡುಗೆ ಎಲ್ಲಿ ಮಾಡೋದು?"

ಹಳೆಯದಕ್ಕೂ ಹೊಸದಕ್ಕೂ ನಡುವೆ ಹೊಟ್ಟೆ ಹಸಿಯುತ್ತದೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಪ್ರತ್ಯೇಕ ಚಪ್ಪರ ಹಾಕಿಸಲು ದುಡ್ಡು ಖರ್ಚು. ಅದಕ್ಕೇ ಕೊಟ್ಟಿಗೆಯ ಒಂದು ಮೂಲೆಯಲ್ಲಿ ಮೂರು ಕಲ್ಲು ಇಟ್ಟು, "ಸ್ವಲ್ಪ ದಿನ ಸುಧಾರಿಸ್ಕೋ ಕಣೇ" ಅಂದೆ. ಈ ಕಡೆ ನಾವು, ಆ ಕಡೆ ಎಮ್ಮೆ.

ಒಂದು ಸಂಜೆ ಕಚೇರಿಯಿಂದ ಬಂದಾಗ ಹೆಂಡತಿ ನೀರಿಗೆ ಹೋಗಿದ್ದಳು. ಹಸಿವು ತಡೆಯಲಿಲ್ಲ. ಮುದ್ದೆ ಇಟ್ಟುಕೊಂಡು, ಪಕ್ಕದ ಪಾತ್ರೆಯಿಂದ ಸಾರು ಸುರಿದುಕೊಂಡು ಹೊಡೆದೆ. ಪಾಪ, ಕೊಟ್ಟಿಗೆಯಲ್ಲಿ ಕೂತು ಕಷ್ಟಪಡುತ್ತಾಳೆ, ಒಂದು ಒಳ್ಳೆಯ ಮಾತಾದರೂ ಆಡೋಣ ಅನ್ನಿಸಿತು. ಅವಳು ಬಂದ ಕೂಡಲೇ, "ಇವತ್ತಿನ ಸಾರು ಬಲು ಚೆನ್ನಾಗಿತ್ತು ಕಣೇ. ಸ್ವಲ್ಪ ಹುಳಿ ಮುಂದಾಗಿತ್ತು ಅಷ್ಟೇ" ಅಂದೆ.

ಅವಳು ಬಿಂದಿಗೆ ಇಳಿಸಿ ಪಾತ್ರೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ಅದು ಎಮ್ಮೆಗೆ ಇಟ್ಟಿದ್ದ ಕಲಗಚ್ಚು ಕಣ್ರೀ. ಬೆಳಗ್ಗೆಯಿಂದ ಮೂಸೂ ನೋಡ್ಲಿಲ್ಲ ಅದು. ಸದ್ಯ, ನೀವಾದ್ರೂ ಮೆಚ್ಚಿದ್ರಲ್ಲ."

ಎರಡು ಲಗೇಜು

ಒಲೆಕಟ್ಟೆಯ ಮೇಲೆ ಹಾಸಲು ಕಡಪ ಕಲ್ಲು ಬೇಕಾಗಿತ್ತು. ತಿಪಟೂರಿನಲ್ಲಿ ಅರ್ಧ ದಿನ ಚೌಕಾಸಿ ಮಾಡಿ, ಅಂಗಡಿಯವನ ಕೈಲಿ ಕೈ ಮುಗಿಸಿಕೊಂಡು ಒಂದು ಉದ್ದನೆಯ ಚಪ್ಪಡಿ ಕೊಂಡೆ. ಲಾರಿಯವನು ಬಾಡಿಗೆ ಹೇಳಿದ. ಇಷ್ಟು ಉಳಿಸಿದವನು ಅಲ್ಲಿ ಯಾಕೆ ಕಳೆಯಲಿ? ಬಸ್ಸಿನ ಟಾಪಿಗೆ ಹತ್ತಿಸಿಯೇ ಬಿಟ್ಟೆ. ಕಂಡಕ್ಟರು ಬೇಡ ಅಂದ, ನಾನು ಕೇಳಲಿಲ್ಲ, ಲಗೇಜು ಚೀಟಿ ಹರಿಸಿಕೊಂಡೆ.

ದಾರಿಯಲ್ಲಿ ಒಂದು ಮೋರಿ ಬಂತು. ನಾನೇ ಎಸ್ಟಿಮೇಟು ನಕಲು ಮಾಡಿದ್ದ ಮೋರಿ. ಬಸ್ಸು ಎಗರಿ ಕೂತಿತು. ಮೇಲೆ ಏನೋ ಲಟಕ್ ಅಂತು. ನನ್ನ ಎದೆಯೂ ಲಟಕ್ ಅಂತು.

ಊರಿನಲ್ಲಿ ಇಳಿಸಿಕೊಂಡು, ಅಳು ನುಂಗಿಕೊಂಡು ನಿಂತಿದ್ದೆ. ಕಂಡಕ್ಟರು ಬಂದು ಕಲ್ಲು ನೋಡಿ ಚೀಟಿ ಪುಸ್ತಕ ತೆಗೆದ.

"ಹತ್ತಿಸುವಾಗ ಒಂದೇ ಅಂದ್ರಲ್ಲ ಸಾರ್. ಈಗ ಎರಡಿದೆ?"

ಅಳತೆಗೆ ನಿಂತವರು

ಇನ್ನು ಉಳಿದದ್ದು ಒಲೆಕಟ್ಟೆ. ಇಡೀ ಅಡುಗೆಮನೆಯ ಜೀವವೇ ಅದು. ಅದೇ ಹೊತ್ತಿಗೆ ಹೆಂಡತಿ ತಂಗಿಯ ಬಾಣಂತನಕ್ಕೆ ಅಂತ ಚಿಕ್ಕನಾಯಕನಹಳ್ಳಿಗೆ ಹೋದಳು. ಅವಳು ಬರುವುದರೊಳಗೆ ಮುಗಿಸಿ ಬೆರಗಾಗಿಸಬೇಕು ಅಂತ ನನಗೆ ಹುರುಪು ಬಂತು.

"ಕಟ್ಟೆ ಎಷ್ಟು ಎತ್ತರ ಇರ್ಲಿ ಸಾ?" ಅಂದ ಮೇಸ್ತ್ರಿ.

"ನಿಂತ್ಕೊಂಡು ಮಾಡೋಕೆ ಆರಾಮಾಗಿರಬೇಕು" ಅಂತ ಹೇಳಿ, ನಾನೇ ಗೋಡೆಯ ಪಕ್ಕ ನೆಟ್ಟಗೆ ನಿಂತೆ. ಮೊಣಕೈ ಮಡಚಿ, ಗಾಳಿಯಲ್ಲಿ ಮುದ್ದೆ ತಿರುವಿ, ಗಾಳಿಯಲ್ಲೇ ಒಗ್ಗರಣೆ ಹಾಕಿ ತೋರಿಸಿದೆ. ಮೇಸ್ತ್ರಿ ನನ್ನ ಮೊಣಕೈ ಕೆಳಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಜೀವಮಾನದಲ್ಲಿ ಒಂದು ಲೋಟ ಕಾಫಿ ಕಾಯಿಸಿದವನಲ್ಲ ನಾನು. ಸಾಲದ್ದಕ್ಕೆ ಊರಿಗೆಲ್ಲ ಉದ್ದ. ಹೆಂಡತಿ ನನ್ನ ಭುಜಕ್ಕೂ ಬರುವುದಿಲ್ಲ. ಅದೇನೂ ಆಗ ನೆನಪಾಗಲಿಲ್ಲ.

"ಆಯ್ತು ಬುಡಿ ಸಾ" ಅಂದ ಮೇಸ್ತ್ರಿ.

ಅವಳು ಬಂದ ದಿನ ಗೋಡೆಗೆ ಸುಣ್ಣ, ಬಾಗಿಲಿಗೆ ತೋರಣ. ಹಾಲು ಉಕ್ಕಿಸುವುದನ್ನು ನೋಡಲು ಕೇರಿಯ ಹೆಂಗಸರು ಬಂದಿದ್ದರು. ಹೆಂಡತಿ ಒಳಗೆ ಕಾಲಿಟ್ಟು ಹೊಗೆಗೂಡು ನೋಡಿ ನಕ್ಕಳು. ಕಟ್ಟೆಯ ಹತ್ತಿರ ಹೋದಳು. ಕಟ್ಟೆ ಅವಳ ಎದೆಗೆ ಬಂತು. ಒಲೆ ಎಲ್ಲೋ ಮೇಲಿತ್ತು, ಅದರ ಮೇಲಿನ ಪಾತ್ರೆ ಇನ್ನೂ ಮೇಲೆ. ತುದಿಗಾಲಲ್ಲಿ ನಿಂತು ಕತ್ತು ಚಾಚಿದರೂ ಒಳಗೆ ಹಾಲಿದೆಯೋ ನೀರಿದೆಯೋ ಕಾಣಲಿಲ್ಲ. ಕೈಯಲ್ಲಿದ್ದ ಸೌಟು ಪಾತ್ರೆಯ ಬಾಯಿಗೂ ಎಟುಕಲಿಲ್ಲ. ಹೊಗೆ ಇಲ್ಲದೇನೇ ಕಣ್ಣು ಕೆಂಪಾದವು. ಅವಳು ಕೇಳಿದ್ದು ಅದೊಂದೇ, ಅದನ್ನೂ ಕೆಡಿಸಿದೆನಲ್ಲ ಅಂತ ನಾಚಿಕೆಯಾಯಿತು.

ಅಷ್ಟರಲ್ಲಿ ಅಮ್ಮ ಒಂದು ಸ್ಟೂಲು ಎಳೆದುಕೊಂಡು ಬಂದರು. ಅದರ ಮೇಲೆ ಹತ್ತಿ, ಅಲ್ಲಿಂದ ಕಟ್ಟೆ ಹತ್ತಿ, ಒಲೆಯ ಪಕ್ಕ ಚಕ್ಕಳಮಕ್ಕಳ ಹಾಕಿಕೊಂಡು, ಗೋಡೆಗೆ ಒರಗಿ ಕೂತೇಬಿಟ್ಟರು. ತೊಲೆ ಅವರ ತಲೆಗೆ ತಾಗುವುದೊಂದು ಬಾಕಿ.

"ಅಮ್ಮಾ, ಏನಿದು? ಇಳೀರಿ!"

"ಯಾಕ್ಲಾ? ಕಟ್ಟೆ ಅಂದ್ಮೇಲೆ ಕೂರಾಕೆ ತಾನೆ ಕಟ್ಸಿರೋದು?" ಅಂದರು ಅಮ್ಮ, ಸೌಟಿಗೆ ಕೈ ಚಾಚುತ್ತಾ. "ಚೆನ್ನಾಗೈತೆ ಕಣಪ್ಪ, ಗಾಳಿನೂ ಬತ್ತದೆ. ಹತ್ತಾಕೆ ಒಂದು ಮೆಟ್ಲು ಇಡ್ಸೋದು ಮರ್ತಿದ್ದೀಯ, ಅಷ್ಟೇಯ."

ಕೇರಿಯ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಹೆಂಡತಿ ಕಣ್ಣೊರೆಸಿಕೊಳ್ಳುತ್ತಿದ್ದವಳು ಅತ್ತೆಯನ್ನು ನೋಡಿ, ತಡೆಯಲಾರದೆ, ಗೋಡೆ ಹಿಡಿದುಕೊಂಡು ನಕ್ಕಳು.

ಮೂಲೆಯಲ್ಲಿ ನಿಂತಿದ್ದ ಮೇಸ್ತ್ರಿ ಮೆಲ್ಲಗೆ ಕೇಳಿದ. "ಅಂಗಾರೆ ಕಟ್ಟೆ ಒಡ್ದು ನಿಮ್ಮ ಮನೆಯೋರ ಎತ್ತರಕ್ಕೆ ಕಟ್ಬೇಕಾ ಸಾ?"

ಒಡೆಯುವುದು, ಮತ್ತೆ ಸಿಮೆಂಟು, ಮತ್ತೆ ಪರ್ಮಿಟ್ಟು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಸೌಟನ್ನು ತಂದು ನನ್ನ ಕೈಗಿಟ್ಟಳು.

"ಏನೂ ಒಡೀಬೇಡಿ ಬುಡಿ ಮೇಸ್ತ್ರಿ. ಅಳತೆಗೆ ಯಾರು ನಿಂತಿದ್ರೋ, ಅಡುಗೆಗೂ ಅವ್ರೇ ನಿಂತ್ಕೊಳ್ಳಲಿ."