ಬಾಗಿಲಿಗಿಂತ ಏಳಿಂಚು ಅಗಲ

"ಇನ್ನು ಮುಂದೆ ನನ್ನ ಗಾಡಿಗೆ ಪರರ ಕೈ ಸೋಕಕೂಡದು!"

ಶನಿವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಹಲ್ಲಿನ ಡಾಕ್ಟರು ಹೀಗೊಂದು ಘೋಷಣೆ ಹೊರಡಿಸಿದರು. ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಕೋಟಿಗೆ ತೋಳು ಕೂರಿಸುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ.

"ಪರರು ಅಂದ್ರೆ ಯಾರು? ಗ್ಯಾರೇಜಿನ ಸ್ಪ್ಯಾನರಣ್ಣನಾ?"

"ಅವನೇ! ಹೋದಾಗಲೆಲ್ಲ ಗಾಡಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ, 'ಹೂಂ' ಅಂತಾನೆ. ಅದೇನು ಸಂಗೀತ ಕಚೇರಿಯಾ? ನೋಡೇ, ಇಪ್ಪತ್ತಾರು ವರ್ಷ ಊರವರ ಬಾಯೊಳಗೆ ಕೈ ಹಾಕಿ ಬದುಕಿದವನು ನಾನು. ಬಾಯಿ ಅಂದ್ರೆ ಸಾಮಾನ್ಯವಾ? ಕತ್ತಲು, ಒದ್ದೆ, ಮಧ್ಯೆ ನಾಲಿಗೆ ಬೇರೆ ಅಡ್ಡ ಬರುತ್ತೆ! ಅಂಥ ಕಡೆ ಕೆಲಸ ಮಾಡಿದವನಿಗೆ, ಬೆಳಕಲ್ಲಿ ಸುಮ್ಮನೆ ನಿಂತಿರೋ ಗಾಡಿ ಒಂದು ಲೆಕ್ಕವಾ?"

"ಗಾಡಿಗೆ ಮರಗಟ್ಟೋ ಸೂಜಿ ಚುಚ್ಚೋಕಾಗಲ್ಲ, ನೆನಪಿರಲಿ," ಎಂದು ಹೆಂಡತಿ ದಾರ ಕಚ್ಚಿ ಹರಿದಳು.

ವಿಷಯ ಇಷ್ಟೇ. ಮದುವೆಯಾದ ಹೊಸದರಲ್ಲಿ ಡಾಕ್ಟರು ಹೆಂಡತಿಗೆ ಒಂದು ಮಾತು ಕೊಟ್ಟಿದ್ದರು. ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿ ಸಮುದ್ರ ತೋರಿಸುತ್ತೇನೆ ಎಂದು. ಸಮುದ್ರ ಆರುನೂರು ಕಿಲೋಮೀಟರ್ ದೂರ. ಮಾತು ಇಪ್ಪತ್ತೆರಡು ವರ್ಷ ದೂರ. ಒಂದು ವರ್ಷ ಕ್ಲಿನಿಕ್ಕಿಗೆ ಹೊಸ ಕುರ್ಚಿ ಬಂತು, ಒಂದು ವರ್ಷ ಮಗಳ ಪರೀಕ್ಷೆ ಬಂತು, ಒಂದು ವರ್ಷ ಡಾಕ್ಟರಿಗೇ ಸೊಂಟ ನೋವು ಬಂತು. ಸಮುದ್ರ ಮಾತ್ರ ಬರಲಿಲ್ಲ! ಈಗ ಮಗಳು ಹಾಸ್ಟೆಲ್ ಸೇರಿದ್ದಾಳೆ, ಕ್ಲಿನಿಕ್ಕಿನ ಬಾಗಿಲಿಗೆ 'ಆರು ದಿನ ರಜೆ, ಹಲ್ಲು ನೋವಿದ್ದವರು ತಾಳಿಕೊಳ್ಳಿ' ಎಂಬ ಬೋರ್ಡು ಬಿದ್ದಿದೆ. ನಾಳೆ ಬೆಳಿಗ್ಗೆಯೇ ಹೊರಡುವುದು.

"ಒಂದೇ ಮಾತು ಹೇಳ್ತೀನಿ," ಎಂದಳು ಹೆಂಡತಿ. "ಆರು ಗಂಟೆಗೆ ಗಾಡಿ ಗೇಟಿನ ಹೊರಗೆ ನಿಂತಿರಬೇಕು. ಇಲ್ಲದಿದ್ರೆ ಏಳೂವರೆ ಬಸ್ಸಿಗೆ ನಾನೊಬ್ಬಳೇ ಹೋಗ್ತೀನಿ. ಸಮುದ್ರಕ್ಕೆ ನಿಮ್ಮ ನಮಸ್ಕಾರ ತಿಳಿಸ್ತೀನಿ."

ನಗುತ್ತಲೇ ಹೇಳಿದ್ದಳು. ಆದರೆ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಗಂಡನಿಗೆ ಯಾವ ನಗು ನಗು, ಯಾವ ನಗು ನೋಟೀಸು ಎಂಬುದು ಗೊತ್ತಾಗದೆ ಇರುತ್ತದೆಯೇ?

ಬೀದಿಯಲ್ಲಿ ಗಾಡಿ ಬಿಚ್ಚುವಂತಿರಲಿಲ್ಲ. ಎದುರು ಮನೆ ಜಗಲಿಯಲ್ಲಿ ನಿವೃತ್ತ ಹೆಡ್ ಮೇಷ್ಟ್ರು ಕೂತಿದ್ದರು. ಕೆಲಸದಿಂದ ನಿವೃತ್ತರಾಗಿದ್ದರೇ ಹೊರತು ಸಲಹೆಯಿಂದ ಆಗಿರಲಿಲ್ಲ. ಹಾಗಾಗಿ ಡಾಕ್ಟರು ಮೆಟ್ಟಿಲ ಮೇಲೆ ಹಲಗೆ ಹಾಸಿ, ಗಾಡಿಯನ್ನು ತಳ್ಳಿ, ನೇರ ಹಾಲಿನೊಳಗೆ ತಂದು ನಿಲ್ಲಿಸಿದರು. ಬಾಗಿಲಲ್ಲಿ ಹ್ಯಾಂಡಲ್ಲಿನ ಎರಡೂ ಕಡೆ ಒಂದೊಂದು ಬೆರಳಿನಷ್ಟು ಜಾಗ ಉಳಿಯಿತು. "ಲೆಕ್ಕಾಚಾರ ಅಂದ್ರೆ ಇದು!" ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಂಡರು.

ನೆಲಕ್ಕೆ ಬಿಳಿ ಬಟ್ಟೆ ಹಾಸಿದರು. ಕ್ಲಿನಿಕ್ಕಿನ ಸ್ಟೀಲ್ ತಟ್ಟೆಗಳಲ್ಲಿ ನಟ್ಟು ಬೋಲ್ಟುಗಳನ್ನು ಸಾಲಾಗಿ ಜೋಡಿಸಿದರು. ಕೈಗವಸು ಹಾಕಿಕೊಂಡರು, ಬಾಯಿಗೆ ಮಾಸ್ಕ್ ಕಟ್ಟಿಕೊಂಡರು. ಪ್ಲಗ್ ಬಿಚ್ಚಿ, ಆ ತೂತಿಗೆ ಪುಟ್ಟ ದುಂಡು ಕನ್ನಡಿ ಹಿಡಿದು ಇಣುಕಿದರು. ಚೈನ್ ತಿರುಗಿಸುವ ಚಕ್ರ ಕಂಡಾಗಲಂತೂ ಅವರ ಕಣ್ಣು ಅರಳಿತು.

"ಇವಳೇ, ಬಾ ಇಲ್ಲಿ! ಇದಕ್ಕೂ ಹಲ್ಲಿದೆ! ನಲವತ್ತೆರಡು! ಮನುಷ್ಯನಿಗಿಂತ ಹತ್ತು ಜಾಸ್ತಿ, ಒಂದಕ್ಕೂ ಹುಳುಕಿಲ್ಲ!"

"ಅದು ಸಿಹಿ ತಿನ್ನಲ್ಲ ನೋಡಿ," ಎಂದಳು ಹೆಂಡತಿ ಒಳಗಿನಿಂದ.

ಆ ನಲವತ್ತೆರಡು ಹಲ್ಲನ್ನೂ ಡಾಕ್ಟರು ಬ್ರಷ್ಷಿನಿಂದ ತಿಕ್ಕಿ ತೊಳೆದರು. ಚೈನನ್ನು ಪಿಟೀಲಿನ ತಂತಿಯಂತೆ ಬಿಗಿದರು. ಮಧ್ಯಾಹ್ನದ ಹೊತ್ತಿಗೆ ಕೊನೆಯ ಕೆಲಸ ಉಳಿಯಿತು. ಸಾಮಾನು ಹೊರಲು ತಂದ ಎರಡು ತಗಡಿನ ಪೆಟ್ಟಿಗೆಗಳನ್ನು ಗಾಡಿಯ ಎಡಬಲಕ್ಕೆ ಕೂರಿಸುವುದು. ಪೆಟ್ಟಿಗೆಗಳೋ, ಒಂದೊಂದರಲ್ಲಿ ಒಬ್ಬೊಬ್ಬ ಅಳಿಯ ಕೂರಬಹುದಿತ್ತು!

ದೂರ ಪ್ರಯಾಣದಲ್ಲಿ ಅದುರಿ ಅದುರಿ ಬೋಲ್ಟು ಸಡಿಲವಾಗುತ್ತದೆ, ಅದರ ತಿರುಪಿಗೆ ಸ್ವಲ್ಪ ಅಂಟು ಹಾಕಿ ಎಂದು ಯಾವನೋ ವಿಡಿಯೋದಲ್ಲಿ ಹೇಳಿದ್ದ. ಅಂಟು ತರಲು ಪೇಟೆಗೆ ಹೋಗಬೇಕು. ಆಗ ಡಾಕ್ಟರ ತಲೆಯಲ್ಲಿ ಮಿಂಚು ಹೊಳೆಯಿತು! ಹಲ್ಲಿಗೆ ಟೋಪಿ ಕೂರಿಸುವ ಸಿಮೆಂಟು ಕೈಚೀಲದಲ್ಲೇ ಇತ್ತಲ್ಲ! ಜಗಿದರೂ ಅಗಿದರೂ ಇಪ್ಪತ್ತು ವರ್ಷ ಕದಲದ ಸಿಮೆಂಟು! ಗಾಜಿನ ಬಿಲ್ಲೆಯ ಮೇಲೆ ಕಲಸಿ, ಎಂಟೂ ಬೋಲ್ಟಿಗೆ ಬಳಿದು, ಹಲ್ಲು ಕಚ್ಚಿ ತಿರುಗಿಸಿದರು. ಹತ್ತು ನಿಮಿಷದಲ್ಲಿ ಗಾಡಿಯೂ ಪೆಟ್ಟಿಗೆಯೂ ಒಂದೇ ಜೀವ, ಒಂದೇ ದೇಹ!

"ಮುಗೀತು! ಇನ್ನು ಭೂಕಂಪವಾದರೂ ಅಲುಗಾಡಲ್ಲ!" ಎಂದು ಗಾಡಿಯ ಮುಖವನ್ನು ಬಾಗಿಲಿಗೆ ತಿರುಗಿಸಿ ತಳ್ಳಿದರು.

ಮುಂದಿನ ಚಕ್ರ ಹೊಸ್ತಿಲು ದಾಟಿತು. ಹ್ಯಾಂಡಲ್ ದಾಟಿತು. ಸೀಟು ಅರ್ಧ ದಾಟಿತು. 'ಧಡ್!' ಎಂದು ನಿಂತಿತು. ಡಾಕ್ಟರು ಇನ್ನೂ ಜೋರಾಗಿ ತಳ್ಳಿದರು. ಪೆಟ್ಟಿಗೆಗಳ ಮೂಲೆ ಕಚ್ಚಿಕೊಂಡು ಬಾಗಿಲ ಚೌಕಟ್ಟು ಕಿರ್ರೆಂದಿತು. ಈಗ ಗಾಡಿ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು!

ಹೆಂಡತಿ ಕೊರಳಲ್ಲಿದ್ದ ಅಳತೆ ಟೇಪು ತೆಗೆದು, ಬಾಗಿಲು ಅಳೆದು, ಪೆಟ್ಟಿಗೆ ಅಳೆದು, ಗಿರಾಕಿಗೆ ಹೇಳುವಷ್ಟೇ ಸಮಾಧಾನದಿಂದ ಹೇಳಿದಳು: "ಬಾಗಿಲು ಮೂವತ್ತನಾಲ್ಕು. ನಿಮ್ಮ ಗಾಡಿ ನಲವತ್ತೊಂದು. ಏಳಿಂಚು ಬಿಚ್ಚಿ ಹೊಲೀಬೇಕು."

"ಬಿಚ್ಚೋಣ, ಅದೇನು ಮಹಾ!" ಎಂದ ಡಾಕ್ಟರಿಗೆ ಮಾತು ಮುಗಿಯುವ ಮೊದಲೇ ಸಿಮೆಂಟಿನ ನೆನಪಾಯಿತು. ಮುಖ, ರೋಗಿ ಎದ್ದು ಹೋದ ಮೇಲೆ ತಪ್ಪು ಹಲ್ಲು ಕಿತ್ತದ್ದು ಗೊತ್ತಾದ ವೈದ್ಯನ ಮುಖದಂತಾಯಿತು. ಸ್ಪ್ಯಾನರ್ ಹಾಕಿ ಜಗ್ಗಿದರು. ಸ್ಪ್ಯಾನರ್ ಜಾರಿತು, ಬೋಲ್ಟಿನ ತಲೆ ಸವೆಯಿತು, ಡಾಕ್ಟರ ಹೆಬ್ಬೆರಳು ಊದಿತು.

ಅಷ್ಟರಲ್ಲಿ ಗಾಡಿಯ ಮೂತಿ ಮನೆಯಿಂದ ಹೊರಗೆ ಇಣುಕಿದ್ದನ್ನು ಕಂಡ ಮೇಷ್ಟ್ರು ಬೀದಿ ದಾಟಿ ಬಂದರು.

"ಡಾಕ್ಟ್ರೇ, ಬೆರಳಲ್ಲಿ ಉಂಗುರ ಸಿಕ್ಕಿಕೊಂಡ್ರೆ ಏನು ಮಾಡ್ತಾರೆ? ಸೋಪು ಹಚ್ತಾರೆ! ನೀವು ಒಳಗಿಂದ ಎಳೀರಿ, ನಾನು ಹೊರಗಿಂದ ತಳ್ತೀನಿ."

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಚೌಕಟ್ಟಿಗೆ ಸೋಪು, ಪೆಟ್ಟಿಗೆಗೆ ಸೋಪು, ಹಾಗೇ ನೆಲಕ್ಕೂ ಒಂದಿಷ್ಟು ಸೋಪು. ಮೇಷ್ಟ್ರು "ಒಂದು, ಎರಡು..." ಎಂದು ಎಣಿಸಿ, ಮೂರಕ್ಕೆ ಕಾಯದೆ ತಳ್ಳಿಬಿಟ್ಟರು! ಗಾಡಿ ಬಿಲ್ಲಿನಿಂದ ಬಿಟ್ಟ ಬಾಣದಂತೆ ಒಳಕ್ಕೆ ಬಂತು. ಡಾಕ್ಟರು ಸೋಪಿನ ಮೇಲೆ ಜಾರಿ, ಹೊಲಿಯಲು ಕತ್ತರಿಸಿಟ್ಟಿದ್ದ ಬಟ್ಟೆಯ ರಾಶಿಯ ಮೇಲೆ ಅಂಗಾತ ಬಿದ್ದರು. ಗಾಡಿ ಅವರ ಎದುರು ಬಂದು ಗೋಡೆಗೊರಗಿ ನಿಂತಿತು. ಅದರ ದೀಪಕ್ಕೆ ಜೀವವಿದ್ದಿದ್ದರೆ ಖಂಡಿತ ಕಣ್ಣು ಹೊಡೆಯುತ್ತಿತ್ತು!

ಹೆಂಡತಿ ಓಡಿ ಬಂದು ಕೈಕಾಲು ಮುಟ್ಟಿ ನೋಡಿದಳು. ಏನೂ ಮುರಿದಿಲ್ಲ ಎಂದು ಖಾತ್ರಿಯಾದ ಮೇಲೆ ಎದ್ದು ನಿಂತಳು. "ಈಗ ಹೇಳಿ. ಸ್ಪ್ಯಾನರಣ್ಣನ್ನ ಕರೆಸ್ತೀರೋ, ನಾನು ಬಸ್ಸಿಗೆ ಚೀಲ ತುಂಬಲೋ?"

ಡಾಕ್ಟರು ಬಟ್ಟೆಯ ರಾಶಿಯಲ್ಲಿ ಮಲಗಿಕೊಂಡೇ ಸೂರು ನೋಡಿದರು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಈ ಸಲವೂ ಹೀಗೇ ಆಯಿತಲ್ಲ ಎಂಬ ಸಣ್ಣ ಸುಸ್ತು ಇತ್ತು, ಅಷ್ಟೆ. ಅದು ಹೆಬ್ಬೆರಳಿಗಿಂತ ಹೆಚ್ಚು ನೋಯಿಸಿತು.

"ಕರೆಸು," ಎಂದರು ಮೆಲ್ಲಗೆ.

ಮುಂಬಾಗಿಲ ತುಂಬ ಸೋಪಿದ್ದುದರಿಂದ ಸ್ಪ್ಯಾನರಣ್ಣ ಹಿತ್ತಿಲ ಬಾಗಿಲಿಂದ ಒಳಗೆ ಬಂದ. ಅವನ ಬಲಗೆನ್ನೆ ಚೆಂಡಿನಂತೆ ಊದಿತ್ತು. ಗಾಡಿಯ ಸುತ್ತ ಒಂದು ಸುತ್ತು ಬಂದ, ಬೋಲ್ಟು ಮುಟ್ಟಿದ, ಮೂಸಿ ನೋಡಿದ. ಡಾಕ್ಟರೇ ತಡೆಯಲಾರದೆ ಕೇಳಿದರು.

"ಕೆನ್ನೆಗೇನಯ್ಯಾ ಆಯ್ತು?"

"ದವಡೆ ಹಲ್ಲು ಡಾಕ್ಟ್ರೇ. ನಿಮ್ಮ ಕ್ಲಿನಿಕ್ಕಿಗೆ ಬಂದೆ, ತಾಳಿಕೊಳ್ಳಿ ಅಂತ ಬೋರ್ಡಿತ್ತು. ತಾಳೋಕಾಗಲಿಲ್ಲ. ವಿಡಿಯೋ ನೋಡ್ಕೊಂಡು ಇಕ್ಕಳ ಹಾಕಿ ನಾನೇ ಜಗ್ಗಿದೆ. ಬರಲಿಲ್ಲ."

ಡಾಕ್ಟರು ಹೌಹಾರಿದರು. "ಬುದ್ಧಿ ಇದೆಯೇನಯ್ಯಾ ನಿನಗೆ! ವಿಡಿಯೋ ನೋಡಿ ಮಾಡೋ ಕೆಲಸವಾ ಇದು? ವರ್ಷಾನುಗಟ್ಟಲೆ ಕಲಿತವರು ಯಾಕಿದ್ದಾರೆ? ಯಾರ್ಯಾರು ಯಾವ್ಯಾವ ಕೆಲಸ ಮಾಡಬೇಕೋ ಅವರವರು..."

ಮಾತು ಅಲ್ಲಿಗೇ ನಿಂತಿತು. ಮೇಷ್ಟ್ರು ಕೆಮ್ಮಿದರು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸ್ಪ್ಯಾನರಣ್ಣ ಊದಿದ ಕೆನ್ನೆ ಹಿಡಿದುಕೊಂಡೇ ನಕ್ಕು, "ಅಯ್ಯಯ್ಯೋ, ನಗಿಸಬೇಡಿ, ನೋಯುತ್ತೆ!" ಎಂದ.

ಮೊದಲು ನಕ್ಕವರು ಯಾರೋ, ಕೊನೆಗೆ ಹೆಚ್ಚು ನಕ್ಕವರು ಡಾಕ್ಟರೇ. ನಕ್ಕು ಮುಗಿಸಿ ಕೈ ತೊಳೆದುಕೊಂಡು, ಸ್ಪ್ಯಾನರಣ್ಣನನ್ನು ಹೊಲಿಗೆಯ ಕುರ್ಚಿಯಲ್ಲಿ ಕೂರಿಸಿದರು. ಬಾಯಿ ನೋಡಿ, ಎರಡೇ ಬೀದಿಯಾಚೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ, ಸೂಜಿ ಚುಚ್ಚಿ, ಅರ್ಧ ಗಂಟೆಯಲ್ಲಿ ಹಲ್ಲು ತೆಗೆದರು. ಹತ್ತಿ ಕಚ್ಚಿಕೊಂಡೇ ಸ್ಪ್ಯಾನರಣ್ಣ ತನ್ನ ಪ್ರಶ್ನೆ ಕೇಳಿದ.

"ಡಾಕ್ಟ್ರೇ, ಹಲ್ಲಿಗೆ ಟೋಪಿ ಹಾಕ್ತೀರಲ್ಲ, ಅದನ್ನ ತೆಗೀಬೇಕಾಗಿ ಬಂದ್ರೆ?"

"ಒಂದು ಯಂತ್ರ ಇದೆ. ಜುಯ್ ಅಂತ ಸಣ್ಣಗೆ ನಡುಗಿಸುತ್ತೆ. ಸಿಮೆಂಟು ಒಳಗೊಳಗೇ ಪುಡಿಯಾಗಿ..." ಡಾಕ್ಟರು ಬಾಯಿ ತೆರೆದಂತೆಯೇ ನಿಂತರು.

"ಅದನ್ನ ಕೈಗೆತ್ತಿಕೊಳ್ಳಿ, ಹೋಗೋಣ," ಎಂದ ಸ್ಪ್ಯಾನರಣ್ಣ.

ಆ ಸಂಜೆ ಹಾಲಿನಲ್ಲಿ ನಡೆದದ್ದು ಶಸ್ತ್ರಚಿಕಿತ್ಸೆಯೇ ಸರಿ. ಹೆಂಡತಿ ಟಾರ್ಚು ಹಿಡಿದಳು. ಡಾಕ್ಟರು ನೆಲದಲ್ಲಿ ಮಲಗಿ ಒಂದೊಂದು ಬೋಲ್ಟಿಗೂ ಯಂತ್ರ ತಾಗಿಸಿ ನಡುಗಿಸಿದರು. ಸ್ಪ್ಯಾನರಣ್ಣ ಹಿಂದೆಯೇ ಜಗ್ಗಿದ. 'ಕಟಕ್' ಎಂದು ಮೊದಲನೆಯದು ಸಡಿಲವಾದಾಗ ಮೇಷ್ಟ್ರು ಚಪ್ಪಾಳೆ ತಟ್ಟಿದರು. ಏಳು ಬೋಲ್ಟು ಹೀಗೇ ಬಂದವು. ಎಂಟನೆಯದು ಮೊಂಡು. ಅದರ ತಲೆಯನ್ನು ಸ್ಪ್ಯಾನರಣ್ಣ ಅರದಿಂದ ಉಜ್ಜಿ ಉಜ್ಜಿ ಹಾರಿಸಿದ. ಗಾಡಿ ಬಾಗಿಲು ದಾಟಿ ಗೇಟಿನ ಹೊರಗೆ ಬಂದು ನಿಂತಿತು. ಅಲ್ಲೇ ಬೇರೆ ಬೋಲ್ಟು ಹಾಕಿ ಪೆಟ್ಟಿಗೆ ಕೂರಿಸಿ, ಪಿಟೀಲಿನ ತಂತಿಯನ್ನು ಮತ್ತೆ ಚೈನ್ ಮಾಡಿ, ಸೊಟ್ಟಗೆ ಕೂತಿದ್ದ ಪ್ಲಗ್ಗನ್ನು ನೆಟ್ಟಗೆ ಕೂರಿಸಿ, ಸ್ಪ್ಯಾನರಣ್ಣ ಮನೆಗೆ ಹೋದ.

ಮರುದಿನ ಆರಕ್ಕೆ ಹತ್ತು ನಿಮಿಷವಿದ್ದಾಗ ಅವನು ತಾನಾಗಿಯೇ ಬಂದ. ಕೆನ್ನೆ ಅರ್ಧ ಇಳಿದಿತ್ತು. ಗಾಡಿ ಶುರು ಮಾಡಿ, ಕಿವಿಕೊಟ್ಟು, ಕಣ್ಣು ಮುಚ್ಚಿ, "ಹೂಂ" ಎಂದ. ಡಾಕ್ಟರಿಗೆ ಆ 'ಹೂಂ' ಆಶೀರ್ವಾದದಂತೆ ಕೇಳಿಸಿತು.

"ಆಯಿಲ್, ಬ್ರೇಕು, ಟೈರು ಎಲ್ಲಾ ಒಂದು ಸಲ ನೋಡಿಬಿಡಪ್ಪಾ. ಆರುನೂರು ಕಿಲೋಮೀಟರು," ಎಂದರು ವಿನಯದಿಂದ.

"ಅದೆಲ್ಲ ಹೋದ ವಾರಾನೇ ಆಗಿದೆಯಲ್ಲ ಡಾಕ್ಟ್ರೇ! ಅಕ್ಕ ಗ್ಯಾರೇಜಿಗೆ ತಂದು, ಪಕ್ಕದಲ್ಲೇ ನಿಂತು ಎಲ್ಲಾ ಮಾಡಿಸಿಕೊಂಡು ಹೋದ್ರು. ನಿನ್ನೆ ನಾನು ಮಾಡಿದ್ದು ನಿಮ್ಮ ರಿಪೇರಿಯ ರಿಪೇರಿ ಮಾತ್ರ."

ಡಾಕ್ಟರು ಹೆಂಡತಿಯ ಕಡೆ ತಿರುಗಿದರು. ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿಯುವುದರಲ್ಲಿ ಮಗ್ನಳಾಗಿದ್ದಳು.

"ಅಷ್ಟು ದೂರ ಗಾಡಿ ತಳ್ಳಿಕೊಂಡು ಹೋದೆಯಾ?"

"ತಳ್ಳೋದ್ಯಾಕೆ?" ಎಂದ ಸ್ಪ್ಯಾನರಣ್ಣ. "ಓಡಿಸಿಕೊಂಡು ಬಂದ್ರು. ನಿಮಗಿಂತ ಚೆನ್ನಾಗಿ ಗೇರ್ ಹಾಕ್ತಾರೆ."

"ಯಾವಾಗ ಕಲಿತೆ?" ಡಾಕ್ಟರು ಹೆಂಡತಿಯ ಹೆಲ್ಮೆಟ್ಟಿನೊಳಗೆ ಇಣುಕಿದರು.

"ನಿಮ್ಮ ಸೊಂಟ ನೋವಿನ ವರ್ಷ. ನಿಮ್ಮನ್ನೇ ಕಾಯ್ತಾ ಕೂತ್ರೆ ಸಮುದ್ರ ಒಣಗಿಹೋಗುತ್ತೆ ಅನ್ನಿಸ್ತು."

"ಒಂದು ಮಾತು ಹೇಳಬಾರದಿತ್ತಾ? ಗಾಡಿ ತಯಾರಿದೆ ಅಂತಾದ್ರೂ?"

"ಎಲ್ಲಿ ಹೇಳಲಿ?" ಎಂದಳು ಹೆಂಡತಿ, ಅವರ ಕೈಯಿಂದ ಕೀಲಿ ತೆಗೆದುಕೊಂಡು ಮುಂದಿನ ಸೀಟು ಹತ್ತುತ್ತಾ. "ಎಷ್ಟಾದ್ರೂ ಹಲ್ಲಿನ ಡಾಕ್ಟರು ನೀವು. ಎದುರಿಗಿದ್ದವರ ಬಾಯಿ ತೆರೆಸ್ತೀರಿ. ಮಾತಾಡೋಕೆ ಮಾತ್ರ ಬಿಡಲ್ಲ!"