ಬೈರಾಪಟ್ಟಣದಿಂದ ಜಪಾನಿಗೆ ಕೊಟ್ಟು ತಂದದ್ದು

ಬೈರಾಪಟ್ಟಣದ ನಮ್ಮ ಮನೆಯಲ್ಲಿ ಯಾವ ಕೆಲಸವೂ ನೆಟ್ಟಗೆ ನಡೆದದ್ದಿಲ್ಲ. ಚನ್ನಪಟ್ಟಣಕ್ಕೆ ಉಪ್ಪು ತರಲು ಹೋದರೂ ಒಂದು ಕಥೆಯಾಗುತ್ತದೆ. ಇನ್ನು ನಾನು ಪರದೇಶಕ್ಕೆ ಓದಲು ಹೊರಟರೆ ಬಿಟ್ಟೀತೆ?

ಮೊದಲ ಕೂಗು

ಮೈಸೂರು ರಸ್ತೆಯ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲ. ನಮ್ಮ ಕಾಲೇಜಿಗೂ ಆ ಗಾಳಿ ಬೀಸಿ, ಆರು ತಿಂಗಳು ಹೊರದೇಶದಲ್ಲಿ ಓದಿ ಬರುವ ಅವಕಾಶ ಬಂತು. ನನಗೆ ಮೊದಲು ಕರೆ ಬಂದದ್ದು ಜರ್ಮನಿಯಿಂದ. ಕುಣಿದಾಡುತ್ತಾ ಮನೆಗೆ ಬಂದೆ.

ಅಪ್ಪ ರೇಷ್ಮೆ ಬೆಳೆಗಾರ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಮೊದಲ ಹರಾಜಿನ ಬೆಲೆಗೆ ಒಪ್ಪಿದ್ದೇ ಇಲ್ಲ. "ಮೊದಲ್ನೇ ಕೂಗಿಗೇ ಬುಟ್ಕೊಡಕ್ಕಾಯ್ತದಾ? ಒಸಿ ತಡಿ ಕಣವ್ವ, ಎರಡನೇ ಸಲಕ್ಕೆ ಇನ್ನೂ ಒಳ್ಳೇದು ಬತ್ತದೆ," ಎಂದರು. ತಡೆದೆ. ಅಷ್ಟರಲ್ಲಿ ಜರ್ಮನಿಯವರು ಬೇರೆ ಹುಡುಗನನ್ನು ಕರೆದುಕೊಂಡರು.

ನಾನು ಎರಡು ದಿನ ಮಾತು ಬಿಟ್ಟೆ. ಅಪ್ಪ ಪೇಟೆಯಿಂದ ಮಸಾಲೆ ದೋಸೆ ಕಟ್ಟಿಸಿಕೊಂಡು ಬಂದು ಪಕ್ಕದಲ್ಲಿಟ್ಟರು. "ಆ ಜರ್ಮನಿಯೋರ್ಗೆ ಮಾಲು ನೋಡಕ್ಕೇ ಬರಕಿಲ್ಲ ಬುಡು," ಎಂದು ನನ್ನ ದೋಸೆಯಲ್ಲೇ ಒಂದು ತುಂಡು ಮುರಿದುಕೊಂಡರು.

ಮನೆ ನೋಡುವ ಶಾಸ್ತ್ರ

ಉಳಿದದ್ದು ಜಪಾನ್ ಒಂದೇ. ಸೋಮವಾರದೊಳಗೆ ಒಪ್ಪಿಗೆ ತಿಳಿಸದಿದ್ದರೆ ಅದೂ ಕೈಬಿಟ್ಟಂತೆ ಎಂದು ಮೇಷ್ಟ್ರು ಹೇಳಿಬಿಟ್ಟಿದ್ದರು. ಈ ಸಲ ಅಪ್ಪ ತಯಾರು. ಆದರೆ ಅಜ್ಜಿಯ ಮಾತು ಮೀರಿ ಅಪ್ಪ ಒಂದು ಎಮ್ಮೆಯನ್ನೂ ಮಾರಿದವರಲ್ಲ.

ಮನೆ ನೋಡದೆ ಹೆಣ್ಣು ಕಳಿಸುವುದಿಲ್ಲ ಎಂದು ಅಜ್ಜಿ ಪಟ್ಟು ಹಿಡಿದರು. ಇದು ಮದುವೆಯಲ್ಲ ಎಂದೆ. ಗಂಡನಿರುವ ಮನೆಯನ್ನೇ ನೋಡಿ ಕಳಿಸುತ್ತೇವೆ, ಯಾರೂ ಇಲ್ಲದ ಕಡೆಗೆ ನೋಡದೆ ಕಳಿಸುವುದೆ ಎಂದು ಕೇಳಿದರು. ಮನೆ ತೋರಿಸಲಾಗದಿದ್ದರೆ ಆ ದೇಶದ ಮನುಷ್ಯನನ್ನಾದರೂ ತೋರಿಸೋಣವೆಂದು ಮಾವನ ಹತ್ತಿರ ಓಡಿದೆ.

ನಮ್ಮ ಸೋದರಮಾವ ಬಿಡದಿ ಕಡೆಯ ಕಾರ್ಖಾನೆಯೊಂದರಲ್ಲಿ ಡ್ರೈವರ್. ಅಲ್ಲಿನ ಜಪಾನಿ ಇಂಜಿನಿಯರೊಬ್ಬರನ್ನು, ರೇಷ್ಮೆ ಹುಳ ತೋರಿಸುತ್ತೇನೆಂದು ಹೇಳಿ, ಭಾನುವಾರ ಕರೆದುಕೊಂಡೇ ಬಂದರು. ಅಜ್ಜಿ ಹುಳದ ಮನೆಯ ಬಾಗಿಲಿಗೆ ಸ್ಟೂಲು ಹಾಕಿಸಿಕೊಂಡು ಕೂತರು. ಆ ಮನುಷ್ಯ ಯಾರೂ ಹೇಳದೆಯೇ ಶೂ ಬಿಚ್ಚಿ ಜೋಡಿಸಿಟ್ಟು, ಮಾವ ಕೈಕಾಲು ತೊಳೆದದ್ದು ನೋಡಿ ತಾವೂ ತೊಳೆದು, ಹುಳಗಳ ಮುಂದೆ ಕೈಕಟ್ಟಿ ನಿಂತರು. ತಮ್ಮ ಅಜ್ಜಿಯೂ ಹುಳ ಸಾಕುತ್ತಿದ್ದರು ಎಂದು ಹರಕು ಕನ್ನಡದಲ್ಲಿ ಹೇಳಿದರು. ನಮ್ಮ ನೆಂಟರಲ್ಲೇ ಎಷ್ಟೋ ಜನ ಚಪ್ಪಲಿ ಮೆಟ್ಟಿಕೊಂಡೇ ನುಗ್ಗಿ ಬೈಸಿಕೊಂಡಿದ್ದಾರೆ.

ಅಜ್ಜಿ ಎದ್ದು ಒಳಗಿನಿಂದ ಎಲೆ ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ ತಂದು ತಟ್ಟೆಯಲ್ಲಿಟ್ಟು ಕೊಟ್ಟರು. ಅವರು ಬಗ್ಗಿ ಎರಡೂ ಕೈಯಲ್ಲಿ ತೆಗೆದುಕೊಂಡರು. "ಮಾತು ಆಯ್ತು ಕಣ್ಲಾ," ಎಂದು ಅಜ್ಜಿ ಅಪ್ಪನಿಗೆ ಹೇಳಿದರು. ನನಗೆ ಖುಷಿಗೆ ಅಳು ಬಂದುಬಿಟ್ಟಿತು.

ವಾಪಸು ಹೋಗುವಾಗ ಕಾರಿನಲ್ಲಿ ಆ ಇಂಜಿನಿಯರು ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಅಲ್ಲಿ ಮಾತಾಯಿತು ಅಂದದ್ದೇನು ಎಂದು ಕೇಳಿದರಂತೆ. ಅಂಥದ್ದೇನಿಲ್ಲ ಸಾರ್, ಹುಡುಗಿಯ ಜವಾಬ್ದಾರಿ ನಿಮ್ಮದು ಅಂತ, ಅಷ್ಟೇ ಎಂದರಂತೆ ಮಾವ. ರಾಮನಗರ ದಾಟುವವರೆಗೂ ಆ ಪಾಪದ ಮನುಷ್ಯ ತಟ್ಟೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೇ ಕೂತಿದ್ದರಂತೆ.

ಕೊಟ್ಟು ತರೋದು

ಹೊರಡುವ ಮುನ್ನ ಅಜ್ಜಿ ಕೇಳಿದರು, ನಾನು ಅಲ್ಲಿಗೆ ಹೋದರೆ ಅವರ ಕಡೆಯಿಂದ ಯಾರು ಬರುತ್ತಾರೆಂದು. ಅಲ್ಲಿಯ ಹುಡುಗಿಯೊಬ್ಬಳು ನಮ್ಮ ಕಾಲೇಜಿಗೆ ಬರುತ್ತಾಳೆ ಎಂದೆ. ಅಜ್ಜಿಯ ಮುಖ ಅರಳಿತು. ಕೊಟ್ಟು ತರುವುದು ಎಂದರೆ ಅವರಿಗೆ ಗೊತ್ತಿಲ್ಲದ್ದೇ? ನಮ್ಮ ಹೆಣ್ಣು ಆ ಮನೆಗೆ, ಆ ಮನೆಯ ಹೆಣ್ಣು ನಮ್ಮನೆಗೆ. ಒಬ್ಬಳು ಮುನಿಸಿಕೊಂಡು ತವರಿಗೆ ಬಂದರೆ ಇನ್ನೊಬ್ಬಳನ್ನೂ ಅಟ್ಟಲೇಬೇಕು. ಅದೇ ಲೆಕ್ಕದಲ್ಲಿ, ಆ ಹುಡುಗಿ ಬಂದ ಮೇಲೆ ಪ್ರತಿ ಶನಿವಾರ ಅಪ್ಪನನ್ನು ಹಾಸ್ಟೆಲಿಗೆ ಕಳಿಸಿ ಮನೆಗೆ ಕರೆಸಿಕೊಳ್ಳತೊಡಗಿದರು.

ಇತ್ತ ಜಪಾನಿನಲ್ಲಿ ನನಗೆ ಯಾವ ಕೊರತೆಯೂ ಇರಲಿಲ್ಲ. ತಟ್ಟೆ ಹಿಡಿದ ತಪ್ಪಿಗೆ ಆ ಇಂಜಿನಿಯರು ತಮ್ಮ ತಂಗಿಗೆ ಹೇಳಿದ್ದರು. ಆಕೆ ವಾರವಾರ ಬಂದು ನೋಡಿಕೊಂಡು ಹೋಗುತ್ತಿದ್ದರು. ಆದರೂ ಚಳಿ ಶುರುವಾದಾಗ ನನ್ನ ಕೈಲಾಗಲಿಲ್ಲ. ಕನಸಿನಲ್ಲೂ ಮುದ್ದೆ. ಒಂದು ಭಾನುವಾರ ಮನೆಗೆ ಫೋನ್ ಮಾಡಿ ಅಜ್ಜಿಯ ಹತ್ತಿರ ಬಿಕ್ಕಿ ಬಿಕ್ಕಿ ಅತ್ತೆ. ಓದು ಅರ್ಧಕ್ಕೆ ಬಿಟ್ಟು ಬಂದುಬಿಡುತ್ತೇನೆ ಎಂದೆ.

ಆ ಕಡೆ ಮೂಗೇರಿಸಿದ ಸದ್ದು ಕೇಳಿಸಿತು. ಅಜ್ಜಿಯೂ ಅಳುತ್ತಿದ್ದಾರೆ ಅಂದುಕೊಂಡೆ.

"ಈಗ್ಲೇ ಬರ್ಬ್ಯಾಡ ಕಣವ್ವ," ಎಂದರು. "ನೀನು ಬಂದ್ರೆ ಈ ಮಗೀನ ವಾಪಸ್ ಕಳಿಸ್ಬೇಕಾಯ್ತದೆ. ಹುಳ ಗೂಡು ಕಟ್ಟೋ ಮುಂಚೆ ಜೋರಾಗಿ ಮೇಯೋ ಹೊತ್ತು, ಸೊಪ್ಪು ಕುಯ್ಯಕ್ಕೆ ನಿನಗಿಂತ ಇವಳೇ ವಾಸಿ."

ಅಳುತ್ತಿದ್ದವಳಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಅಜ್ಜಿ ಫೋನನ್ನು ಆ ಹುಡುಗಿಯ ಕೈಗೆ ಕೊಟ್ಟರು. ಜಪಾನಿನ ಹುಡುಗಿ, ಥೇಟ್ ನಮ್ಮ ಅಜ್ಜಿಯ ದನಿಯಲ್ಲೇ, ನನ್ನನ್ನು ಗದರಿದಳು:

"ಅಳ್ಬ್ಯಾಡ ಸುಮ್ಕಿರವ್ವ. ಉಂಡ್ಯಾ?"